1899ರ ಸೆವಾನಿ ತಂಡ: ಆರು ದಿನದಲ್ಲಿ ಐದು ಪಂದ್ಯ, ಎದುರಾಳಿಗೆ ಒಂದೂ ಅಂಕ ಇಲ್ಲ. ಇದನ್ನು ಹೇಗೆ ನೋಡಬೇಕು?

ಹಳೇಸ್ಕೋರ್
ಅಮೆರಿಕನ್ ಫುಟ್‌ಬಾಲ್ ನೋಡುವವರು ಇಲ್ಲಿ ಒಂದಷ್ಟು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಟೆನೆಸಿ ರಾಜ್ಯದ ಬೆಟ್ಟದ ಮೇಲೆ ಸೆವಾನಿ ಅಂತ ಒಂದು ಪುಟ್ಟ ಊರಿದೆ. ಅಲ್ಲಿರುವುದು ಯೂನಿವರ್ಸಿಟಿ ಆಫ್ ದಿ ಸೌತ್. ಆಗ ಅಲ್ಲಿ ಓದುತ್ತಿದ್ದವರು ಕೆಲವು ನೂರು ಹುಡುಗರು, ಅಷ್ಟೇ. 1899ರಲ್ಲಿ ಅವರ ತಂಡ 12 ಪಂದ್ಯ ಆಡಿ ಹನ್ನೆರಡನ್ನೂ ಗೆದ್ದಿತು. ಗಳಿಸಿದ್ದು 322 ಅಂಕ, ಬಿಟ್ಟುಕೊಟ್ಟಿದ್ದು 10.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ನಡುವೆ ಒಂದು ಪ್ರವಾಸ ಇದೆ, ನೋಡಿ (ಎದುರಾಳಿಗಳೆಲ್ಲ ಕಾಲೇಜು ತಂಡಗಳೇ):

ನವೆಂಬರ್ 9, ಆಸ್ಟಿನ್: ಟೆಕ್ಸಾಸ್ ವಿರುದ್ಧ 12-0
ನವೆಂಬರ್ 10, ಹ್ಯೂಸ್ಟನ್: ಟೆಕ್ಸಾಸ್ ಎ ಅಂಡ್ ಎಂ ವಿರುದ್ಧ 10-0
ನವೆಂಬರ್ 11, ನ್ಯೂ ಆರ್ಲಿಯನ್ಸ್: ಟುಲೇನ್ ವಿರುದ್ಧ 23-0
ನವೆಂಬರ್ 13, ಬ್ಯಾಟನ್ ರೂಜ್: ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ವಿರುದ್ಧ 34-0
ನವೆಂಬರ್ 14, ಮೆಂಫಿಸ್: ಮಿಸಿಸಿಪಿ ವಿರುದ್ಧ 12-0

12ನೇ ತಾರೀಖು ಭಾನುವಾರ, ಚರ್ಚಿನ ಕಾಲೇಜು, ಅದಕ್ಕೆ ಅವತ್ತು ಆಟ ಇಲ್ಲ. ಹೋಗಿ ಬಂದ ದಾರಿ ಸುಮಾರು 2,500 ಮೈಲಿ, ಎಲ್ಲಾ ರೈಲಿನಲ್ಲೇ. ಹೋದ ಆಟಗಾರರು 21 ಜನ.

ನನಗೆ ಈ ದಾಖಲೆ ಓದಿದಾಗಲೆಲ್ಲ ಮೈ ಜುಂ ಅನ್ನುತ್ತದೆ. ಆದರೆ ಗೆಳೆಯನೊಬ್ಬ "ಆ ಕಾಲದ ಆಟವನ್ನು ಈಗಿನ ಆಟದ ಜೊತೆ ಹೋಲಿಸಬೇಡ, ಆಗೆಲ್ಲ ಸುಲಭ" ಅಂತ ಮೂಗು ಮುರಿಯುತ್ತಾನೆ. ನೀವೇನಂತೀರಿ?

ಕೋಚ್_ಶೆಟ್ಟಿ
ಸುಲಭವಾ? ನಿಮ್ಮ ಗೆಳೆಯರಿಗೆ ಆಗಿನ ನಿಯಮ ಗೊತ್ತಿಲ್ಲ ಮಾರಾಯ್ರೆ. 1899ರಲ್ಲಿ ಮುಂದಕ್ಕೆ ಚೆಂಡು ಎಸೆಯುವ ಹಾಗೇ ಇರಲಿಲ್ಲ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1906ರಲ್ಲಿ. ಮೂರು ಡೌನ್‌ನಲ್ಲಿ (ಮೂರು ಯತ್ನದಲ್ಲಿ) ಐದು ಗಜ ಹೋಗಬೇಕು. ಅಂದರೆ ಪ್ರತಿ ಸಲವೂ ಚೆಂಡು ಹಿಡಿದು ಜನರ ಗೋಡೆಯೊಳಗೆ ನುಗ್ಗುವುದೇ ಕೆಲಸ. ಚೆಂಡು ಹಿಡಿದವನನ್ನು ಅವನ ತಂಡದವರೇ ಹಿಂದಿನಿಂದ ತಳ್ಳಬಹುದಿತ್ತು, ಮುಂದಿನಿಂದ ಎಳೆಯಬಹುದಿತ್ತು. ಎದುರಾಳಿಗಳು ಆ ಕಡೆಯಿಂದ ಎಳೆಯುತ್ತಾರೆ. ಕೆಳಗೆ ಬಿದ್ದರೂ ಆಟ ನಿಲ್ಲುವುದಿಲ್ಲ. ಅವನು "ಡೌನ್" ಅಂತ ಕೂಗುವ ತನಕ ತೆವಳಿಕೊಂಡು ಹೋಗಬಹುದು, ಮೇಲೆ ಬೀಳುವವರು ಬೀಳುತ್ತಲೇ ಇರುತ್ತಾರೆ.

ಒಂದು ಅರ್ಧಕ್ಕೆ 35 ನಿಮಿಷ. ಒಮ್ಮೆ ಹೊರಗೆ ಬಂದವನು ಮತ್ತೆ ಒಳಗೆ ಹೋಗುವಂತಿಲ್ಲ. ದಾಳಿಗೂ ಅವರೇ, ರಕ್ಷಣೆಗೂ ಅವರೇ. ಈಗಿನ ಹಾಗೆ ಬೇರೆ ಬೇರೆ ಹನ್ನೊಂದು ಜನ ಅಲ್ಲ. ಹೆಲ್ಮೆಟ್ ಹಾಕುವವರು ಅಪರೂಪ, ತಲೆಗೆ ಪೆಟ್ಟು ಬೀಳದಿರಲಿ ಅಂತ ಕೂದಲು ಉದ್ದ ಬಿಡುತ್ತಿದ್ದರು. ಹೀಗೆ ಒಂದು ಪಂದ್ಯ ಆಡಿದ ಮೇಲೆ ಮರುದಿನ ಎದ್ದು ಕೂರುವುದೇ ಕಷ್ಟ. ಇವರು ರೈಲಿನಲ್ಲಿ ಮಲಗೆದ್ದು ಮತ್ತೆ ಆಡಿದ್ದಾರೆ.

ಗಾಂಧಿಬಜಾರ್_ಗುರು
35 ನಿಮಿಷ ನಿಯಮದಲ್ಲಿ ಇತ್ತು ನಿಜ. ಆದರೆ ನಾಯಕರಿಬ್ಬರೂ ಒಪ್ಪಿದರೆ ಸಮಯ ಕಡಿಮೆ ಮಾಡಿಕೊಳ್ಳುವ ಪದ್ಧತಿಯೂ ಆಗ ಇತ್ತು. ಎಲ್ಲಾ ಐದೂ ಪಂದ್ಯ 70 ನಿಮಿಷ ಅಂತ ಲೆಕ್ಕ ಹಾಕಬೇಡಿ.

ಕೋಚ್_ಶೆಟ್ಟಿ
50 ನಿಮಿಷವೇ ಇರಲಿ ಬಿಡಿ. ಆರು ದಿನದಲ್ಲಿ ಐದು ಸಲ!

ಸುಮಾ_ಹಾಸನ
ನನಗೆ ಈ ಆಟದ ತಲೆಬುಡ ಗೊತ್ತಿಲ್ಲ, ಆದರೂ ಓದುತ್ತಿದ್ದೇನೆ. ಒಂದು ಪ್ರಶ್ನೆ. ಓದುವ ಹುಡುಗರನ್ನು ಹೀಗೆ ಊರೂರು ಅಲೆಸುವ ಅಗತ್ಯ ಏನಿತ್ತು? ವಾರಕ್ಕೊಂದು ಆಡಿದರೆ ಆಗುತ್ತಿರಲಿಲ್ವಾ?

ನ್ಯಾಶ್‌ವಿಲ್_ಕನ್ನಡಿಗ
ಸುಮಾ ಅವರೇ, ದುಡ್ಡು. ಅವರಿಗೆ ಪ್ರತಿವರ್ಷ ದೊಡ್ಡ ವಸೂಲಿ ತರುತ್ತಿದ್ದದ್ದು ನಮ್ಮೂರಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ. ಟಿಕೆಟ್ ಹಣ ಹಂಚಿಕೊಳ್ಳುವ ವಿಷಯದಲ್ಲಿ ಎರಡೂ ಕಡೆಯವರಿಗೆ ಜಗಳ ಆಯಿತು. 1899ರಲ್ಲಿ ಆ ಪಂದ್ಯವೇ ನಡೆಯಲಿಲ್ಲ. ಖರ್ಚು ತೂಗಿಸುವುದು ಹೇಗೆ? ಆಗ ತಂಡದ ಮ್ಯಾನೇಜರ್ ಲ್ಯೂಕ್ ಲೀ ಈ ಪ್ರವಾಸ ಹೊಂದಿಸಿದ. ಒಂದೇ ಸಲ ರೈಲಿನಲ್ಲಿ ಹೊರಟು, ದಾರಿಯಲ್ಲಿ ಸಿಕ್ಕ ದೊಡ್ಡ ಊರುಗಳಲ್ಲೆಲ್ಲ ಆಡಿ, ಗೇಟ್ ಹಣದ ಪಾಲು ತಗೊಂಡು ಬರುವುದು. ದಿನ ಜಾಸ್ತಿ ಆದಷ್ಟೂ ಊಟ, ವಸತಿ ಖರ್ಚು ಜಾಸ್ತಿ. ಅದಕ್ಕೇ ಪಂದ್ಯಗಳನ್ನು ಒತ್ತೊತ್ತಾಗಿ ಇಟ್ಟಿದ್ದು.

ಗಮನಿಸಿ, ಈ ಲ್ಯೂಕ್ ಲೀ ಕೂಡ ವಿದ್ಯಾರ್ಥಿ. ಆಗ ಅವನಿಗೆ 20 ವರ್ಷ. ಇಪ್ಪತ್ತರ ಹುಡುಗ ಐದು ಕಾಲೇಜುಗಳ ಜೊತೆ ಪತ್ರ ವ್ಯವಹಾರ ಮಾಡಿ, ರೈಲಿನಲ್ಲಿ ಮಲಗುವ ಬೋಗಿ ಗೊತ್ತುಮಾಡಿ, ಇಷ್ಟು ಜನರನ್ನು ಕರೆದುಕೊಂಡು ಹೋಗಿ ವಾಪಸ್ ತಂದ. ನನ್ನ ಲೆಕ್ಕದಲ್ಲಿ ಈ ಋತುವಿನ ನಿಜವಾದ ಹೀರೋ ಅವನೇ.

ರೈಲುಪ್ರೇಮಿ
ಬೆಟ್ಟದಿಂದ ಕೆಳಗೆ ಕೋವನ್ ಊರಿಗೆ ಇಳಿಯುವ ಆ ರೈಲು ಮಾರ್ಗದ ಬಗ್ಗೆಯೂ ಹೇಳಿ ಸ್ವಾಮಿ! ಅದಕ್ಕೆ ಜನ ಇಟ್ಟ ಹೆಸರು ಮೌಂಟನ್ ಗೋಟ್. ಕಲ್ಲಿದ್ದಲು ಇಳಿಸಲು ಮಾಡಿದ ಮಾರ್ಗ, ಭಾರೀ ಇಳಿಜಾರು.

ನ್ಯಾಶ್‌ವಿಲ್_ಕನ್ನಡಿಗ
ಹೌದು, ಆ ಹಳಿ ಈಗ ಇಲ್ಲ. ಅದರ ಜಾಗದಲ್ಲಿ ನಡೆಯುವ ದಾರಿ ಮಾಡಿದ್ದಾರೆ. ಸೈಕಲ್ ಹೊಡೆಯಬಹುದು.

ಹಳೇಸ್ಕೋರ್
ರೈಲಿನ ಮಾತು ಬಂತಲ್ಲ, ಶೂ ಕತೆ ಹೇಳಲೇಬೇಕು. ಎಲ್ಲರನ್ನೂ ಹತ್ತಿಸಿ ಹೊರಟಾಗ ಆಟದ ಶೂಗಳಿದ್ದ ಗಂಟು ಊರಿನಲ್ಲೇ ಉಳಿದುಬಿಟ್ಟಿತ್ತು. ಲೀ ದಾರಿಯಲ್ಲಿ ಅದನ್ನು ಗಮನಿಸಿ, ತಂತಿ ಕಳಿಸಿ, ಪಂದ್ಯಕ್ಕೆ ಮೊದಲು ತರಿಸಿಕೊಂಡ. ಇನ್ನೊಂದು, ಬೇರೆ ಊರಿನ ನೀರು ಕುಡಿದು ಹೊಟ್ಟೆ ಕೆಡದಿರಲಿ ಅಂತ ಸೆವಾನಿಯ ಊಟೆ ನೀರನ್ನು ಎರಡು ಪೀಪಾಯಿ ತುಂಬಿಸಿಕೊಂಡು ಹೋಗಿದ್ದರಂತೆ.

ಗಾಂಧಿಬಜಾರ್_ಗುರು
ಈ ಪೀಪಾಯಿ ಕತೆಗೆ ಆಮೇಲಿನವರು ಎಷ್ಟು ಉಪ್ಪುಖಾರ ಹಚ್ಚಿದ್ದಾರೋ! ಹಳೇ ವಿದ್ಯಾರ್ಥಿಗಳ ಬಾಯಲ್ಲಿ ಇಂಥವು ವರ್ಷಕ್ಕೊಂದು ಪಟ್ಟು ಬೆಳೆಯುತ್ತವೆ. ಅಂಕಪಟ್ಟಿಯನ್ನು ಮಾತ್ರ ನಂಬೋಣ.

ಡಾಕ್ಟರಮ್ಮ
ನೀರಿನ ಕತೆಯನ್ನು ಅಷ್ಟು ಸುಲಭಕ್ಕೆ ತಳ್ಳಿಹಾಕಬೇಡಿ. 1899ರಲ್ಲಿ ಊರುಗಳ ನೀರಿನಿಂದ ಟೈಫಾಯ್ಡ್ ಬರುವುದು ದಿನನಿತ್ಯದ ಮಾತು. ಕುಡಿಯುವ ನೀರಿಗೆ ಕ್ಲೋರಿನ್ ಹಾಕುವ ಪದ್ಧತಿ ಅಮೆರಿಕದ ನಗರಗಳಿಗೆ ಬಂದಿದ್ದೇ 1908ರಲ್ಲಿ. ತನ್ನ ನೀರು ತಾನೇ ಹೊತ್ತುಕೊಂಡು ಹೋಗುವುದು ಬುದ್ಧಿವಂತಿಕೆ.

ಇನ್ನು ನನ್ನ ಮಾತು. ಎಲ್ಲರೂ ದಾಖಲೆ ದಾಖಲೆ ಅನ್ನುತ್ತಿದ್ದೀರಿ, ಆ ಹುಡುಗರ ಮೈ ಏನಾಯಿತು ಅಂತ ಯಾರೂ ಕೇಳುತ್ತಿಲ್ಲ. ಪ್ರವಾಸದ ಮೊದಲ ಪಂದ್ಯದಲ್ಲೇ, ಟೆಕ್ಸಾಸ್ ವಿರುದ್ಧ, ನಾಯಕ ಹೆನ್ರಿ ಸೀಬಲ್ಸ್ ತಲೆ ಒಡೆಯಿತು. ಪ್ಲಾಸ್ಟರ್ ಅಂಟಿಸಿಕೊಂಡು ಆಟ ಮುಂದುವರಿಸಿದ. ಅವತ್ತಿನ ಎರಡೂ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಅವನದೇ. ಇದನ್ನು ವೀರಗಾಥೆ ಥರ ಬರೆಯುತ್ತಾರೆ. ತಲೆಗೆ ಪೆಟ್ಟು ಬಿದ್ದವನನ್ನು ಮರುದಿನ ಮತ್ತೆ ಮೈದಾನಕ್ಕೆ ಬಿಡುವುದು ಎಷ್ಟು ಅಪಾಯ ಅಂತ ನಾನು ವಾರಕ್ಕೊಮ್ಮೆ ಯಾರಾದರೊಬ್ಬ ತಂದೆ ತಾಯಿಗೆ ಹೇಳುತ್ತಿರುತ್ತೇನೆ. ಮೊದಲ ಪೆಟ್ಟಿನಿಂದ ಮಿದುಳು ಸುಧಾರಿಸಿಕೊಳ್ಳುವ ಮೊದಲೇ ಎರಡನೆಯದು ಬಿದ್ದರೆ ಜೀವಕ್ಕೇ ಕುತ್ತು.

ಚೆಂಡು ಹಿಡಿದು ನುಗ್ಗುವ ಫುಲ್‌ಬ್ಯಾಕ್ ಆರ್ಮಂಡ್ ಸಿಮ್ಕಿನ್ಸ್ ಹೆಸರು ಇಲ್ಲಿ ಯಾಕೆ ಬಂದಿಲ್ಲ? ಆ ತಂಡದ ಬೆನ್ನೆಲುಬು ಅವನು. ಮುಂದೆ ಅವನ ಎರಡೂ ಕಾಲು ಕತ್ತರಿಸಬೇಕಾಯಿತು. ಫುಟ್‌ಬಾಲ್ ಆಡುವಾಗ ಆದ ಗಾಯಗಳೇ ಕಾರಣ ಅಂತ ಅವನ ಜೊತೆಯವರು ಹೇಳುತ್ತಿದ್ದರು. 322-10 ಅಂತ ಬರೆದ ಕಡೆಯಲ್ಲೆಲ್ಲ ಇದನ್ನೂ ಬರೆಯಬೇಕು.

ಸುಮಾ_ಹಾಸನ
ಅಯ್ಯೋ. ಎರಡೂ ಕಾಲಾ?

ಕೋಚ್_ಶೆಟ್ಟಿ
ಡಾಕ್ಟರಮ್ಮ ಹೇಳುವುದರಲ್ಲಿ ನ್ಯಾಯ ಇದೆ. ಆದರೆ ಅದು ಸೆವಾನಿ ಒಂದರ ತಪ್ಪಲ್ಲ, ಇಡೀ ಆಟವೇ ಹಾಗಿತ್ತು. 1897ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ವರ್ಜೀನಿಯಾ ವಿರುದ್ಧ ಆಡುವಾಗ ಜಾರ್ಜಿಯಾ ತಂಡದ ರಿಚರ್ಡ್ ವಾನ್ ಗ್ಯಾಮನ್ ತಲೆಗೆ ಪೆಟ್ಟಾಗಿ ತೀರಿಕೊಂಡ. ಜಾರ್ಜಿಯಾದ ಶಾಸನಸಭೆ ಫುಟ್‌ಬಾಲನ್ನೇ ನಿಷೇಧಿಸುವ ಮಸೂದೆ ಪಾಸು ಮಾಡಿತು. ಆಗ ಆ ಹುಡುಗನ ತಾಯಿಯೇ ಪತ್ರ ಬರೆದು, ನನ್ನ ಮಗ ಇಷ್ಟಪಟ್ಟ ಆಟವನ್ನು ಅವನ ಸಾವಿನ ನೆಪದಲ್ಲಿ ನಿಲ್ಲಿಸಬೇಡಿ ಅಂತ ಕೇಳಿಕೊಂಡಳು. ಗವರ್ನರ್ ಸಹಿ ಹಾಕಲಿಲ್ಲ, ಆಟ ಉಳಿಯಿತು. ಎರಡು ವರ್ಷದ ನಂತರ ಅದೇ ಅಟ್ಲಾಂಟಾದಲ್ಲಿ, ಅದೇ ಜಾರ್ಜಿಯಾ ವಿರುದ್ಧ ಸೆವಾನಿ ಆ ಋತುವಿನ ತನ್ನ ಮೊದಲ ಪಂದ್ಯ ಆಡಿದ್ದು. 12-0.

ಡಾಕ್ಟರಮ್ಮ
ಆ ತಾಯಿಯ ಪತ್ರದ ಬಗ್ಗೆ ಓದಿದ್ದೇನೆ ಶೆಟ್ರೇ. ಓದಿದಾಗ ಅತ್ತಿದ್ದೇನೆ. ಆದರೆ ಅವಳು ಕ್ಷಮಿಸಿದಳು ಅಂತ ಆಟ ಸರಿಯಾಗಿಬಿಡಲಿಲ್ಲ. 1905ರ ಹೊತ್ತಿಗೆ ಒಂದೇ ವರ್ಷದಲ್ಲಿ ಹದಿನೆಂಟು ಹತ್ತೊಂಬತ್ತು ಹುಡುಗರು ಸತ್ತರು ಅಂತ ಪತ್ರಿಕೆಗಳು ಬರೆದವು. ಅಧ್ಯಕ್ಷ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. ಆಮೇಲೆ ಬಂದಿದ್ದೇ ನೀವು ಹೇಳಿದ 1906ರ ಹೊಸ ನಿಯಮಗಳು. ಆಟವನ್ನು ಉಳಿಸಿದ್ದು ಗುಣಗಾನ ಅಲ್ಲ, ಟೀಕೆ.

ಬೋಸ್ಟನ್_ಬಸವ
ತಡವಾಗಿ ಬಂದೆ. ಎಲ್ಲಾ ಸರಿ ರೀ, ಆದರೆ 1899ರಲ್ಲಿ ದೇಶದ ಅತ್ಯುತ್ತಮ ತಂಡ ಅಂದರೆ ಹಾರ್ವರ್ಡ್. ಹತ್ತು ಗೆಲುವು, ಒಂದು ಡ್ರಾ. ಯೇಲ್ ಜೊತೆ 0-0. ಆಗ ಯೇಲ್, ಪ್ರಿನ್ಸ್‌ಟನ್, ಪೆನ್ಸಿಲ್ವೇನಿಯಾ ಇವರೆಲ್ಲ ಆಟವನ್ನು ಕಟ್ಟಿದವರು. ದಕ್ಷಿಣದ ಕಾಲೇಜುಗಳು ಆಗಷ್ಟೇ ಕಲಿಯುತ್ತಿದ್ದವು. ಸೆವಾನಿಯ ಕೋಚ್ ಹರ್ಮನ್ ಸೂಟರ್ ಕೂಡ ಪ್ರಿನ್ಸ್‌ಟನ್‌ನಲ್ಲಿ ಆಡಿ ಬಂದವನೇ. ಕಂಬರ್ಲೆಂಡ್ ವಿರುದ್ಧ 71-0 ಅಂತ ಗೆದ್ದರೆ ಏನು ಬಂತು?

ಹಳೇಸ್ಕೋರ್
ಬಸವ ಅವರೇ, ಒಂದು ಸೋಜಿಗ ನೋಡಿ. ಹಾರ್ವರ್ಡ್ ಆ ವರ್ಷ ಬಿಟ್ಟುಕೊಟ್ಟಿದ್ದೂ 10 ಅಂಕವೇ. ಅದೂ ಒಂದೇ ತಂಡಕ್ಕೆ, ಅಮೆರಿಕದ ಮೂಲನಿವಾಸಿಗಳ ಕಾರ್ಲೈಲ್ ಇಂಡಿಯನ್ ಶಾಲೆಯ ಹುಡುಗರಿಗೆ, 22-10. ಸೆವಾನಿ ಬಿಟ್ಟುಕೊಟ್ಟ 10 ಕೂಡ ಒಂದೇ ತಂಡಕ್ಕೆ, ಆಬರ್ನ್‌ಗೆ. ಆದರೆ ಹಾರ್ವರ್ಡ್ ಗಳಿಸಿದ್ದು 210, ಸೆವಾನಿ 322.

ಮತ್ತೆ ಹಾರ್ವರ್ಡ್‌ನವರು ಹೆಚ್ಚಿನ ಪಂದ್ಯ ಆಡಿದ್ದು ಮನೆ ಅಂಗಳದಲ್ಲಿ. ರಾತ್ರಿ ಪೂರ್ತಿ ರೈಲು, ಹಗಲು ಆಟ, ಮತ್ತೆ ರಾತ್ರಿ ರೈಲು ಅಂತ ಅವರು ಮಾಡಿಲ್ಲ.

ಬೋಸ್ಟನ್_ಬಸವ
ಅಂಕಕ್ಕೆ ಅಂಕ ಕೂಡಿಸಿದರೆ ತೂಕ ಗೊತ್ತಾಗಲ್ಲ. ಎದುರಾಳಿ ಯಾರು ಅನ್ನುವುದು ಮುಖ್ಯ. ಯೇಲ್ ವಿರುದ್ಧ ಸೆವಾನಿ ನಿಂತಿದ್ದರೆ ಗೊತ್ತಾಗುತ್ತಿತ್ತು.

ಕೋಚ್_ಶೆಟ್ಟಿ
ನಿಲ್ಲಲಿಲ್ಲವಲ್ಲ, ಹಾಗಾಗಿ ಯಾರೂ ಹೇಳುವಂತಿಲ್ಲ. ಆದರೆ ದಕ್ಷಿಣದವರು ಕಲಿಯುತ್ತಿದ್ದರು ಅನ್ನುವುದನ್ನು ಪೂರ್ತಿ ಒಪ್ಪಲ್ಲ. ಆಬರ್ನ್ ಕೋಚ್ ಯಾರು ಗೊತ್ತಾ? ಜಾನ್ ಹೈಸ್ಮನ್. ಇವತ್ತಿಗೂ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಪ್ರಶಸ್ತಿ ಇರುವುದು ಅವರ ಹೆಸರಲ್ಲಿ. ಮುಂದಕ್ಕೆ ಎಸೆಯಲು ಅವಕಾಶ ಕೊಡಿ ಅಂತ ವರ್ಷಗಟ್ಟಲೆ ಹೋರಾಡಿದವರಲ್ಲಿ ಅವರೂ ಒಬ್ಬರು.

ಆ ಪಂದ್ಯವೇ ನನಗೆ ಐದು ಪಂದ್ಯದ ಪ್ರವಾಸಕ್ಕಿಂತ ಇಷ್ಟ. ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ದಿನ, ಮಾಂಟ್ಗಮರಿಯಲ್ಲಿ. ಸೀಬಲ್ಸ್‌ನ ತವರೂರು ಅದು. ಆಗ ಟಚ್‌ಡೌನ್‌ಗೆ ಐದು ಅಂಕ, ಅದರ ನಂತರದ ಒದೆತಕ್ಕೆ ಒಂದು. ಸೆವಾನಿ 11, ಆಬರ್ನ್ 10. ಎರಡೂ ಕಡೆ ಎರಡೆರಡು ಟಚ್‌ಡೌನ್. ಒಂದೇ ಒಂದು ಒದೆತ ಕಂಬದ ನಡುವೆ ಹೋಗಿದ್ದಕ್ಕೆ ಇಡೀ ಋತು ಅಜೇಯವಾಗಿ ಉಳಿಯಿತು! ಸೋತ ಹೈಸ್ಮನ್ ಪತ್ರಿಕೆಯಲ್ಲೇ ಅಂಪೈರ್ ಮೇಲೆ ಹರಿಹಾಯ್ದರು.

ಗಾಂಧಿಬಜಾರ್_ಗುರು
ನನಗೂ ಅದೇ ಅನ್ನಿಸುವುದು. ಆಬರ್ನ್ ಅವತ್ತು ಸೆವಾನಿಗಿಂತ ಚೆನ್ನಾಗಿ ಆಡಿತ್ತು ಅಂತ ಹೇಳುವವರು ಇದ್ದಾರೆ. ಸೆವಾನಿ ಸುಸ್ತಾದ ತಂಡ. ಅಲ್ಲಿಗೂ ಬಿಡಲಿಲ್ಲ, ಎರಡೇ ದಿನಕ್ಕೆ ಡಿಸೆಂಬರ್ 2ರಂದು ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ. 5-0. ಬಸವಣ್ಣ, ನಾರ್ತ್ ಕ್ಯಾರೊಲಿನಾ ಕಂಬರ್ಲೆಂಡ್ ಅಲ್ಲ ಮತ್ತೆ.

ಬೋಸ್ಟನ್_ಬಸವ
ಅದು ಒಳ್ಳೆಯ ಗೆಲುವು, ಒಪ್ಪುತ್ತೇನೆ. ದಕ್ಷಿಣದ ಚಾಂಪಿಯನ್ ಅನ್ನಿ, ನನ್ನ ತಕರಾರಿಲ್ಲ. ದೇಶದ ಚಾಂಪಿಯನ್ ಅಂದರೆ ಮಾತ್ರ ಹಾರ್ವರ್ಡ್.

ಮೈಸೂರು_ಮಹೇಶ
ಲ್ಯೂಕ್ ಲೀ ಅಂದರೆ ಕೈಸರ್‌ನನ್ನು ಹಿಡಿಯಲು ಹೋದವನೇ ಅಲ್ವಾ?

ನ್ಯಾಶ್‌ವಿಲ್_ಕನ್ನಡಿಗ
ಅವನೇ! 1907ರಲ್ಲಿ ನ್ಯಾಶ್‌ವಿಲ್‌ನಲ್ಲಿ ಟೆನೆಸಿಯನ್ ಪತ್ರಿಕೆ ಶುರು ಮಾಡಿದ. 1911ರಲ್ಲಿ ಅಮೆರಿಕದ ಸೆನೆಟರ್ ಆದ, ಆಗಿನ್ನೂ 32 ತುಂಬಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಕರ್ನಲ್. ಯುದ್ಧ ಮುಗಿದ ಮೇಲೆ ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್ ಹಾಲೆಂಡ್‌ಗೆ ಓಡಿಹೋಗಿ ಆಮೆರೊಂಗೆನ್ ಊರಿನ ಕೋಟೆಯಂಥ ಮನೆಯಲ್ಲಿ ಕೂತಿದ್ದ. 1919ರ ಜನವರಿಯಲ್ಲಿ ಲೀ ಕೆಲವು ಸೈನಿಕರನ್ನು ಕಟ್ಟಿಕೊಂಡು ಕಾರಿನಲ್ಲಿ ಅಲ್ಲಿಗೇ ಹೋದ, ಅವನನ್ನು ಎತ್ತಿಕೊಂಡು ಬರಲು! ಒಳಗೆ ಕೂರಿಸಿದರು, ಮಾತಾಡಿಸಿದರು, ಆದರೆ ಕೈಸರ್ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಡಚ್ ಸೈನಿಕರು ಮನೆ ಸುತ್ತುವರಿದರು. ಇವರು ಬರಿಗೈಯಲ್ಲಿ ಬಂದರು. ಬರಿಗೈ ಅಂದರೆ ಪೂರ್ತಿ ಅಲ್ಲ, ಜೊತೆಯಲ್ಲಿದ್ದವನೊಬ್ಬ ಕೈಸರ್‌ನ ಆಶ್‌ಟ್ರೇ ಎತ್ತಿಕೊಂಡು ಬಂದಿದ್ದ.

ಶೂ ಗಂಟಿಗೆ ತಂತಿ ಹೊಡೆದ ಹುಡುಗ ಅಂತ ನೋಡಿದರೆ ಇದು ಆಶ್ಚರ್ಯ ಅನ್ನಿಸಲ್ಲ.

ರೈಲುಪ್ರೇಮಿ
ಇದು ಇನ್ನೊಂದು ಚರ್ಚೆಗೆ ಆಗುವಷ್ಟಿದೆ!

ಇತಿಹಾಸದ_ಮೇಷ್ಟ್ರು
ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ಆದರೆ 21 ಆಟಗಾರರು ಅಂತ ಎಣಿಸುವಾಗ ಒಬ್ಬನನ್ನು ಬಿಡುತ್ತಿದ್ದೇವೆ. ತಂಡದ ಜೊತೆ ಕ್ಯಾಲ್ ಬರೋಸ್ ಅನ್ನುವ ಕಪ್ಪು ಜನಾಂಗದ ಟ್ರೈನರ್ ಹೋಗಿದ್ದ. ಡಾಕ್ಟರಮ್ಮ ಕೇಳಿದ ಪ್ರಶ್ನೆಗೆ, ಆ ಮೈಗಳು ಮರುದಿನ ಎದ್ದು ನಿಂತಿದ್ದು ಹೇಗೆ ಅನ್ನುವುದಕ್ಕೆ, ಅರ್ಧ ಉತ್ತರ ಅವನ ಕೈಗಳು. ರೈಲು ಓಡುತ್ತಿರುವಾಗ ಒಬ್ಬೊಬ್ಬರನ್ನೇ ಮಲಗಿಸಿ ಸ್ನಾಯು ತಿಕ್ಕಿ, ಬಾವು ಇಳಿಸಿ ಮುಂದಿನ ಪಂದ್ಯಕ್ಕೆ ತಯಾರು ಮಾಡುತ್ತಿದ್ದವನು ಅವನು.

ಆ ಕಾಲ ನೆನಪಿಡಿ. ಲೂಸಿಯಾನದಲ್ಲಿ 1890ರಲ್ಲೇ ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಬೋಗಿ ಅಂತ ಕಾನೂನು ಬಂದಿತ್ತು. 1896ರಲ್ಲಿ ಪ್ಲೆಸಿ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿತ್ತು. ಮೂರೇ ವರ್ಷದ ಮೇಲೆ ಈ ತಂಡ ಅದೇ ರಾಜ್ಯದಲ್ಲಿ ಎರಡು ಪಂದ್ಯ ಆಡಿದ್ದು. ಆ ವಿಶ್ವವಿದ್ಯಾಲಯವನ್ನು 1857ರಲ್ಲಿ ಕಟ್ಟಲು ಹೊರಟ ಬಿಷಪ್‌ಗಳಲ್ಲಿ ಮುಂದಾಳು ಲಿಯೊನಿಡಸ್ ಪೋಕ್, ತೋಟಗಳಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವನು. ಈಗ ಅಲ್ಲಿಯವರೇ ಈ ಚರಿತ್ರೆಯನ್ನು ಬಿಚ್ಚಿ ಓದುವ ಕೆಲಸ ಮಾಡುತ್ತಿದ್ದಾರೆ. ಒಳ್ಳೆಯದು.

ಡಾಕ್ಟರಮ್ಮ
ಮೇಷ್ಟ್ರೇ, ಈ ಹೆಸರು ಹೇಳಿದ್ದಕ್ಕೆ ವಂದನೆ.

ಗಾಂಧಿಬಜಾರ್_ಗುರು
ಮೇಷ್ಟ್ರೇ, ಗೌರವದಿಂದ ಕೇಳುತ್ತಿದ್ದೇನೆ. ಆಟದ ಮಾತಿಗೆ ಬಿಷಪ್, ಗುಲಾಮಗಿರಿ ಎಲ್ಲಾ ತರಲೇಬೇಕಾ?

ಇತಿಹಾಸದ_ಮೇಷ್ಟ್ರು
ತರಬೇಕು ಗುರು. ಆ ರೈಲಿನಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರಿಗೆ ಮೈದಾನಕ್ಕೆ ಇಳಿಯಲು ಅವಕಾಶ ಇತ್ತು ಅನ್ನುವುದೂ ಆಟದ ಮಾತೇ. ಎದುರಾದ ಹನ್ನೆರಡು ತಂಡಗಳಲ್ಲಿ ಒಂದರಲ್ಲೂ ಕಪ್ಪು ಆಟಗಾರನಿಗೆ ಜಾಗ ಇರಲಿಲ್ಲ.

ಸುಮಾ_ಹಾಸನ
ಆ ಹುಡುಗರೆಲ್ಲ ಮುಂದೆ ಏನಾದರು?

ಹಳೇಸ್ಕೋರ್
ಸೀಬಲ್ಸ್ ಹೆಸರು ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್‌ನಲ್ಲಿದೆ. ಲೈನಿನಲ್ಲಿ ಆಡುತ್ತಿದ್ದ ವೈಲ್ಡ್ ಬಿಲ್ ಕ್ಲೇಬೋರ್ನ್‌ಗೆ ಒಂದು ಕಣ್ಣು ಸರಿ ಕಾಣುತ್ತಿರಲಿಲ್ಲ. ಎದುರು ನಿಂತವರನ್ನು ಆ ಕಣ್ಣು ತೋರಿಸಿಯೇ ಹೆದರಿಸುತ್ತಿದ್ದ ಅಂತ ಕತೆ. ಅವನು ಮುಂದೆ ಪಾದ್ರಿಯಾಗಿ ಅದೇ ಬೆಟ್ಟದ ಬಡವರ ನಡುವೆ ಕೆಲಸ ಮಾಡಿದ, ಪಕ್ಕದ ಮಾಂಟೀಗಲ್‌ನಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಶಾಲೆ ಕಟ್ಟಿದ.

ಮೈಸೂರು_ಮಹೇಶ
ಈಗ ಆ ತಂಡದ ಹೆಸರೇ ಕೇಳಿಲ್ಲವಲ್ಲ ನಾನು. ಎಲ್‌ಎಸ್‌ಯು, ಟೆಕ್ಸಾಸ್, ಆಬರ್ನ್ ಎಲ್ಲಾ ಟಿವಿಯಲ್ಲಿ ಬರುತ್ತವೆ.

ನ್ಯಾಶ್‌ವಿಲ್_ಕನ್ನಡಿಗ
1932ರಲ್ಲಿ ಎಸ್‌ಇಸಿ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) ಅನ್ನುವ ದಕ್ಷಿಣದ ಕಾಲೇಜುಗಳ ಕೂಟ ಶುರುವಾದಾಗ ಸೆವಾನಿಯೂ ಸ್ಥಾಪಕ ಸದಸ್ಯ. ಅಷ್ಟರಲ್ಲಿ ಉಳಿದವರು ದೊಡ್ಡ ವಿಶ್ವವಿದ್ಯಾಲಯಗಳಾಗಿ ಬೆಳೆದಿದ್ದರು, ಇವರು ಪುಟ್ಟ ಕಾಲೇಜಾಗೇ ಉಳಿದರು. ಕೂಟದೊಳಗಿನ 37 ಪಂದ್ಯಗಳಲ್ಲಿ ಒಂದೂ ಗೆಲ್ಲಲಿಲ್ಲ. 1940ರಲ್ಲಿ ಹೊರಗೆ ಬಂದರು. ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದನ್ನೇ ನಿಲ್ಲಿಸಿದರು. ಈಗ ಮೂರನೇ ಡಿವಿಷನ್. ಓದಲು ಬಂದ ಹುಡುಗರು ಖುಷಿಗೆ ಆಡುತ್ತಾರೆ, ನೋಡಲು ಬರುವವರೂ ಊರಿನವರೇ. ನಾನು ಮಗಳ ಜೊತೆ ಹೋಗಿ ನೋಡಿದ್ದೇನೆ. ಮರಗಳ ನಡುವೆ ಸಣ್ಣ ಮೈದಾನ, ಗೆರೆಯ ಪಕ್ಕದಲ್ಲೇ ನಿಂತು ನೋಡಬಹುದು. ಅದು ಅವರ ಸರಿಯಾದ ನಿರ್ಧಾರ ಅಂತ ನನ್ನ ಅಭಿಪ್ರಾಯ.

ಡಾಕ್ಟರಮ್ಮ
ನನಗೂ. ಈ ಇಡೀ ಚರ್ಚೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಇದೇ.

ಬೋಸ್ಟನ್_ಬಸವ
ಕೊನೆಯದಾಗಿ ಒಂದು. ವ್ಯಾಂಡರ್‌ಬಿಲ್ಟ್ ಜೊತೆ ಜಗಳ ಮುಗಿಯಿತಾ ಇಲ್ವಾ?

ನ್ಯಾಶ್‌ವಿಲ್_ಕನ್ನಡಿಗ
ಮುಗಿಯಿತು. ಮುಂದಿನ ವರ್ಷವೇ, 1900ರಲ್ಲಿ, ಮತ್ತೆ ಆಡಿದರು. ಗೆದ್ದಿದ್ದು ಸೆವಾನಿ.